ಹೊಡೆದಾಟ ಮುಗಿದ ಮೇಲೆ ಕಟಕಟೆ

ಮಳೆ ಹಿಡಿಯಿತೆಂದರೆ ತಾಳವಾಡಿ ಸೀಮೆಯ ಹಳ್ಳಿಗಳು ಸಂಜೆ ಏಳಕ್ಕೆಲ್ಲ ಬಾಗಿಲು ಹಾಕಿಕೊಳ್ಳುತ್ತವೆ. ಆನೆ ಕಾಯುವವರು ಬ್ಯಾಟರಿ, ಪಟಾಕಿ ಹಿಡಿದು ಹೊಲದ ಕಡೆ ಹೋಗುತ್ತಾರೆ. ಮನೆಯಲ್ಲಿ ಉಳಿದವರ ಕಣ್ಣು ಟೀವಿಯ ಮೇಲೋ ಮೊಬೈಲಿನ ಮೇಲೋ. ಅಂಥ ಹೊತ್ತಿನಲ್ಲಿ ಹುಡುಗರು ಕೇಳುವ ಪ್ರಶ್ನೆ ಒಂದೇ: "ಒಳ್ಳೇ ಫೈಟಿಂಗ್ ಪಿಚ್ಚರ್ ಯಾವುದಾದ್ರೂ ಹೇಳಣ್ಣ, ಕೋರ್ಟ್ ಸೀನೂ ಇರ್ಬೇಕು." ಎರಡನ್ನೂ ಒಟ್ಟಿಗೇ ಕೇಳುವುದರಲ್ಲಿ ಅರ್ಥವಿದೆ. ತಪ್ಪು ಮಾಡಿದವನಿಗೆ ಏಟು ಬೀಳುವುದನ್ನು ಕಣ್ಣಾರೆ ನೋಡಬೇಕು. ಆಮೇಲೆ ಅವನು ತಪ್ಪು ಮಾಡಿದ್ದ ಎಂಬುದು ನಾಲ್ಕು ಜನರೆದುರು ರುಜುವಾತಾಗಲೂ ಬೇಕು. ಈ ವಾರದ ಅಂಕಣ ಆ ಹುಡುಗರಿಗೆ ಉತ್ತರ.

ತಾಳವಾಡಿಯಲ್ಲಿ ಕೂತು ಸಿನಿಮಾ ಆರಿಸುವವರಿಗೆ ಇರುವ ಅನುಕೂಲ ಬೆಂಗಳೂರಿನವರಿಗೂ ಚೆನ್ನೈಯವರಿಗೂ ಇಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮನೆಮಾತು ಕನ್ನಡ, ಸರ್ಕಾರಿ ಕಾಗದ ತಮಿಳು. ರಾಜ್‌ಕುಮಾರ್ ಚಿತ್ರವೂ ಸ್ವಂತದ್ದು, ಶಿವಾಜಿ ಗಣೇಶನ್ ಚಿತ್ರವೂ ಸ್ವಂತದ್ದು. ಸಂತೆಗೆ, ಮದುವೆ ಜವಳಿಗೆ, ಸಿನಿಮಾಕ್ಕೆ ಚಾಮರಾಜನಗರದ ಕಡೆ ಮುಖ ಮಾಡಿದರೆ, ಕೋರ್ಟು ಕಚೇರಿಗೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು ಸತ್ಯಮಂಗಲಕ್ಕೋ ಗೋಬಿಚೆಟ್ಟಿಪಾಳ್ಯಕ್ಕೋ ಹೋಗಬೇಕು. ಹಾಗಾಗಿ ನನ್ನ ಪಟ್ಟಿಯಲ್ಲಿ ಎರಡು ಭಾಷೆಯ ಚಿತ್ರಗಳೂ ಬರುತ್ತವೆ.

ಮೊದಲು ಸಾಹಸ ಚಿತ್ರಗಳು. ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲೆ ಕಾಣುವುದು 1973ರ 'ಗಂಧದ ಗುಡಿ'. ವಿಜಯ್ ನಿರ್ದೇಶನ, ಎಂ.ಪಿ. ಶಂಕರ್ ನಿರ್ಮಾಣ, ರಾಜ್‌ಕುಮಾರ್ ಅರಣ್ಯಾಧಿಕಾರಿ ಕುಮಾರ್, ವಿಷ್ಣುವರ್ಧನ್ ಆನಂದ್. ಮರಗಳ್ಳರ ಮೇಲೆ, ಬೇಟೆಗಾರರ ಮೇಲೆ ಬೀಳುವ ಏಟುಗಳು ಇವತ್ತಿನ ಕಣ್ಣಿಗೆ ನಿಧಾನ ಅನ್ನಿಸಬಹುದು. ಆದರೆ ಅಲ್ಲಿ ಹೊಡೆಯುವವನು ಯೂನಿಫಾರಂ ತೊಟ್ಟ ನೌಕರ. ಅವನಿಗೆ ಮೇಲಧಿಕಾರಿಗಳಿದ್ದಾರೆ, ವರದಿ ಬರೆಯುವ ಕೆಲಸವಿದೆ, ಕಾಡನ್ನು ಲೆಕ್ಕ ಹಿಡಿದು ಕಾಯುವ ಹೊಣೆಯಿದೆ. ಸ್ವಂತ ದ್ವೇಷ ತೀರಿಸಿಕೊಳ್ಳಲು ಕಾಡಿಗೆ ನುಗ್ಗುವ ನಾಯಕರನ್ನು ಆಮೇಲೆ ಬಹಳ ಕಂಡಿದ್ದೇವೆ. ಸಂಬಳಕ್ಕೆ ದುಡಿಯುತ್ತಲೇ ಕಾಡನ್ನು ಪ್ರೀತಿಸಿ ಕಾದವನು ಈ ಕುಮಾರ್. ಇವತ್ತು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಬದುಕುವವರು, ಅರಣ್ಯ ಇಲಾಖೆಯ ಜೊತೆ ದಿನವೂ ಜಗಳ, ಸಂಧಾನ ಎರಡನ್ನೂ ಮಾಡುವವರು, ಆ ಚಿತ್ರವನ್ನು ಈಗ ನೋಡಿದರೆ ಐವತ್ತು ವರ್ಷದ ಹಿಂದೆ ಕಾಣದಿದ್ದ ಪ್ರಶ್ನೆಗಳು ಏಳುತ್ತವೆ. ಕಾಡಿನೊಳಗೇ ಹುಟ್ಟಿದವರ ಮಾತು ಚಿತ್ರದಲ್ಲಿ ಎಷ್ಟಿದೆ ಎಂದು ನೋಡುತ್ತಾ ಹೋಗಿ. ಆ ಪ್ರಶ್ನೆ ಇಟ್ಟುಕೊಂಡು ನೋಡಿದರೂ ಚಿತ್ರ ಸಣ್ಣದಾಗುವುದಿಲ್ಲ.

ಲಘುವಾದ ಸಾಹಸ ಬೇಕಿದ್ದರೆ ದೊರೈ–ಭಗವಾನ್ ಅವರ 'ಜೇಡರ ಬಲೆ' (1968). ಕನ್ನಡಕ್ಕೆ ಗೂಢಚಾರನೊಬ್ಬ ಸಿಕ್ಕಿದ್ದು ಅಲ್ಲಿ. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಪೌರಾಣಿಕ ಕಿರೀಟ ತೊಟ್ಟಿದ್ದ ಅದೇ ತಲೆಯ ಮೇಲೆ ಹ್ಯಾಟು ಕೂತಾಗ ಗಾಜನೂರಿನ ಮುತ್ತುರಾಜ, ಅಂದರೆ ರಾಜ್‌ಕುಮಾರ್, ಎಂಥೆಂಥ ವೇಷಕ್ಕೂ ಒಗ್ಗುತ್ತಾನೆ ಎಂಬುದು ಗೊತ್ತಾಯಿತು. ಕಟ್ಟುನಿಟ್ಟಾದ ಸಾಹಸ ಕಥನ ಬೇಕೆನ್ನುವವರಿಗೆ ಸುನಿಲ್ ಕುಮಾರ್ ದೇಸಾಯಿ ಅವರ 'ನಿಷ್ಕರ್ಷ' (1993). ಮಣಿಪಾಲದ ಒಂದು ಕಟ್ಟಡ, ಒಳಗೆ ಒತ್ತೆಯಾಳುಗಳು, ಕಮಾಂಡೋ ಆಗಿ ವಿಷ್ಣುವರ್ಧನ್. ಜಾಗ ಕಿರಿದಾದಷ್ಟೂ ಸಾಹಸ ಬಿಗಿಯಾಗುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ರಾಜೇಂದ್ರಸಿಂಗ್ ಬಾಬು ಅವರ 'ಅಂತ' (1981) ಬೇರೆಯೇ ಜಾತಿಯದು. ಅಂಬರೀಶ್ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರನೂ ಹೌದು, ಕನ್ವರ್‌ಲಾಲನೂ ಹೌದು. ವ್ಯವಸ್ಥೆಯ ಮೇಲಿನ ಸಿಟ್ಟು ಅಷ್ಟು ಬತ್ತಲೆಯಾಗಿ ಕನ್ನಡದ ತೆರೆಗೆ ಅದಕ್ಕೆ ಮೊದಲು ಬಂದಿರಲಿಲ್ಲ. ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ.

ಇವೆಲ್ಲ ಸರಿ. ಆದರೆ ಸಾಹಸ ಚಿತ್ರದ ಒಂದು ಚಾಳಿಯನ್ನು ಇಲ್ಲಿ ಬಿಡಿಸಿ ಹೇಳಲೇಬೇಕು, ಏಕೆಂದರೆ ಕೋರ್ಟಿನ ಕತೆ ಅಲ್ಲಿಂದಲೇ ಹೊರಡುತ್ತದೆ. ಕೊನೆಯ ರೀಲಿನಲ್ಲಿ ನಾಯಕ ಖಳನನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತಾನೆ. ಖಳ ರಕ್ತ ಒರೆಸಿಕೊಂಡು "ಹೌದು, ನಾನೇ ಮಾಡಿದೆ" ಅನ್ನುತ್ತಾನೆ. ಅಷ್ಟು ಹೊತ್ತಿಗೆ ಪೊಲೀಸ್ ಜೀಪು ಬರುತ್ತದೆ, ಕೋಳ ಬೀಳುತ್ತದೆ, ಶುಭಂ. ನಿಜದ ನ್ಯಾಯಾಲಯದಲ್ಲಿ ಆ ತಪ್ಪೊಪ್ಪಿಗೆಯನ್ನು ಯಾರೂ ನೆಚ್ಚುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನ ಪ್ರಕಾರ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ನಿಯಮವನ್ನು ಉಳಿಸಿಕೊಂಡಿದೆ. ಲಾಠಿಯ ಕೆಳಗೆ ಯಾರ ಬಾಯಿಂದ ಏನನ್ನು ಬೇಕಾದರೂ ಹೊರಡಿಸಬಹುದು ಎಂಬ ಅನುಭವ ಬ್ರಿಟಿಷರ ಕಾಲಕ್ಕೇ ಆಗಿತ್ತು. ಹಾಗಾಗಿ ಸಾಹಸ ಚಿತ್ರ ಎಲ್ಲಿ ತೆರೆ ಎಳೆಯುತ್ತದೋ ಅಲ್ಲಿ ವಕೀಲರ ಕೆಲಸ ಶುರುವಾಗುತ್ತದೆ.

ಈ ನಿಯಮಕ್ಕೆ ಒಂದು ದೊಡ್ಡ ಅಪವಾದ ಬಂದದ್ದು ಭಯೋತ್ಪಾದನೆ ತಡೆಯಲೆಂದು ತಂದ 1987ರ ಟಾಡಾ ಕಾಯಿದೆಯಲ್ಲಿ. ಅದರ 15ನೇ ಕಲಮು ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಿತು. ಆ ಕಾಯಿದೆಯ ಬಿಸಿ ಕಂಡವರು ಯಾರೆಂದು ತಾಳವಾಡಿ, ಮಲೆ ಮಹದೇಶ್ವರ ಬೆಟ್ಟ, ಮೆಟ್ಟೂರು ಸುತ್ತಿನ ಹಳ್ಳಿಗಳನ್ನು ಕೇಳಿ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಕಾಡುಗಳ್ಳ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಿತು. ಆಮೇಲೆ ಎರಡೂ ರಾಜ್ಯಗಳ ಕಾರ್ಯಪಡೆ ಹಳ್ಳಿ ಹಳ್ಳಿ ಶೋಧಿಸಿತು. ನೂರಕ್ಕೂ ಮೇಲ್ಪಟ್ಟು ಜನ ಟಾಡಾದಲ್ಲಿ ಮೈಸೂರು ಜೈಲು ಸೇರಿದರು. ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ತೀರ್ಪು ಕೊಟ್ಟಾಗ ಅವರಲ್ಲಿ ಬಹುಪಾಲು ಮಂದಿ ಖುಲಾಸೆಯಾದರು. ಅಷ್ಟರಲ್ಲಿ ಅವರ ಆಯುಸ್ಸಿನ ಎಷ್ಟೋ ವರ್ಷ ಜೈಲಿನಲ್ಲಿ ಕಳೆದಿತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಜನರ ಅಹವಾಲು ಕೇಳಿತು. ಆಯೋಗ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಹೇಳಿತು. ಹೊಡೆದು ಬಾಯಿ ಬಿಡಿಸುವ ಸಿನಿಮಾ ತರ್ಕ ಕಾಯಿದೆಯೊಳಗೆ ನುಸುಳಿದರೆ ಏನಾಗುತ್ತದೆ ಎಂಬುದನ್ನು ಈ ಬೆಟ್ಟಗಳ ಜನ ಬೇರೆ ಯಾರಿಂದಲೂ ಕಲಿಯಬೇಕಾಗಿಲ್ಲ.

ವೀರಪ್ಪನ್ ಬಗ್ಗೆ ಬಂದ ಚಿತ್ರಗಳನ್ನು ಇದೇ ಕಣ್ಣಿನಿಂದ ನೋಡುತ್ತೇನೆ. ಎ.ಎಂ.ಆರ್. ರಮೇಶ್ ಅವರ 'ಅಟ್ಟಹಾಸ' (2013) ಕಿಶೋರ್ ನಟನೆಗಾಗಿ ನೋಡಬೇಕಾದದ್ದು. ಮೀಸೆ ಬಂದೂಕುಗಳಾಚೆಗೆ ಒಬ್ಬ ಸಂಶಯಗ್ರಸ್ತ ಮನುಷ್ಯನನ್ನು ಅವರು ಕಾಣಿಸಿದ್ದಾರೆ. ರಾಮ್‌ಗೋಪಾಲ್ ವರ್ಮಾ ಅವರ 'ಕಿಲ್ಲಿಂಗ್ ವೀರಪ್ಪನ್' (2016) ಪೂರಾ ಕಾರ್ಯಾಚರಣೆಯ ಕತೆ. ಸ್ವಂತ ತಂದೆ ರಾಜ್‌ಕುಮಾರ್ ಅವರನ್ನು ಹೊತ್ತೊಯ್ದವನನ್ನು ಬೇಟೆಯಾಡುವ ಅಧಿಕಾರಿಯ ಪಾತ್ರವನ್ನು ಶಿವರಾಜ್‌ಕುಮಾರ್ ಮಾಡಿದ್ದಾರೆ ಎಂಬ ಅರಿವೇ ಪ್ರತಿ ದೃಶ್ಯಕ್ಕೂ ಒಂದು ಭಾರ ತರುತ್ತದೆ. ಆದರೆ ನನ್ನ ಆಯ್ಕೆ ಸೆಲ್ವಮಣಿ ಸೆಲ್ವರಾಜ್ ಅವರ ಸಾಕ್ಷ್ಯಚಿತ್ರ ಸರಣಿ 'ದಿ ಹಂಟ್ ಫಾರ್ ವೀರಪ್ಪನ್' (2023). ನಾಲ್ಕೇ ಕಂತು. ಪೊಲೀಸರು, ಪತ್ರಕರ್ತರು, ವೀರಪ್ಪನ್ ಹೆಂಡತಿ ಮುತ್ತುಲಕ್ಷ್ಮಿ, ಹಳ್ಳಿಯವರು ಒಬ್ಬರಾದ ಮೇಲೊಬ್ಬರು ಮಾತಾಡುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಕೂಡುವುದಿಲ್ಲ. ಸಾಕ್ಷಿಗಳನ್ನು ಕೇಳುವ ನ್ಯಾಯಾಧೀಶರ ಜಾಗದಲ್ಲಿ ನಮ್ಮನ್ನು ಕೂರಿಸುತ್ತದೆ ಅದು.

ಇನ್ನು ನಮ್ಮದೇ ಊರಿನ ಕತೆ. 2000ದ ಜುಲೈ 30ರ ರಾತ್ರಿ ತಾಳವಾಡಿ ಸೀಮೆಯ ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ್ದು, 108 ದಿನ ಕಳೆದು ನವೆಂಬರ್ 15ರಂದು ಅವರು ಬಿಡುಗಡೆಯಾದದ್ದು ಎಲ್ಲರಿಗೂ ಗೊತ್ತು. ಆ ದಿನಗಳಲ್ಲಿ ಇಡೀ ನಾಡು ಕಾಡಿನ ಕಡೆ ಕಿವಿಗೊಟ್ಟು ಕೂತಿದ್ದಾಗ, ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ನಡೆದದ್ದು ನನ್ನ ಮಟ್ಟಿಗೆ ಈ ದೇಶ ಕಂಡ ಶ್ರೇಷ್ಠ ಕೋರ್ಟ್ ಕಥನಗಳಲ್ಲಿ ಒಂದು. ವೀರಪ್ಪನ್ ಬೇಡಿಕೆಯಂತೆ ಟಾಡಾ ಬಂದಿಗಳ ಮೇಲಿನ ಆರೋಪ ಹಿಂತೆಗೆದುಕೊಳ್ಳಲು ಸರ್ಕಾರ ಮುಂದಾಗಿತ್ತು, ಮೈಸೂರಿನ ನ್ಯಾಯಾಲಯ ಒಪ್ಪಿಗೆಯನ್ನೂ ಕೊಟ್ಟಿತ್ತು. ಅದನ್ನು ಪ್ರಶ್ನಿಸಿದವರು ಅಬ್ದುಲ್ ಕರೀಂ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್.ಪಿ. ಹರಿಕೃಷ್ಣ ಅವರ ಜೊತೆ ವೀರಪ್ಪನ್ ಗುಂಡಿಗೆ ಬಲಿಯಾದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ, ತಾವೂ ನಿವೃತ್ತ ಪೊಲೀಸ್ ಅಧಿಕಾರಿ.

ಆ ಮುದುಕರ ಸ್ಥಿತಿ ಊಹಿಸಿಕೊಳ್ಳಿ. ಒಂದು ಕಡೆ ಕೋಟಿ ಜನ ದೇವರಂತೆ ಕಾಣುವ ನಟ, ಎರಡು ಸರ್ಕಾರ. ಇನ್ನೊಂದು ಕಡೆ ಮಗನನ್ನು ಕಳೆದುಕೊಂಡ ಒಬ್ಬ ತಂದೆಯ ಅರ್ಜಿ. ಅವರ ಪ್ರಶ್ನೆ ಕಾನೂನಿನದು. ಮೊಕದ್ದಮೆ ಹಿಂತೆಗೆಯುವ ಅಧಿಕಾರ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮಿನಲ್ಲಿ ಸರ್ಕಾರಿ ಅಭಿಯೋಜಕರಿಗಿತ್ತು, ನ್ಯಾಯಾಲಯದ ಒಪ್ಪಿಗೆ ಬೇಕಿತ್ತು. ಅಭಿಯೋಜಕರು ಸ್ವಂತ ಬುದ್ಧಿಯಿಂದ, ಸಾರ್ವಜನಿಕ ಹಿತವನ್ನು ತೂಗಿ ನೋಡಿ ಆ ನಿರ್ಧಾರಕ್ಕೆ ಬಂದಿದ್ದರೇ? ಇಲ್ಲಾ ಸರ್ಕಾರ ಹೇಳಿದ ಕಡೆ ರುಜು ಹಾಕಿದ್ದರೇ? 2000ದ ನವೆಂಬರ್ 7ರಂದು ನ್ಯಾಯಮೂರ್ತಿ ಎಸ್.ಪಿ. ಭರೂಚಾ ಅವರಿದ್ದ ಪೀಠ ಆ ಒಪ್ಪಿಗೆಯನ್ನು ರದ್ದುಮಾಡಿತು. ರಾಜ್‌ಕುಮಾರ್ ಇನ್ನೂ ಕಾಡಿನಲ್ಲೇ ಇದ್ದರು. ಎಂಟು ದಿನ ಕಳೆದು ಅವರು ಹೊರಬಂದರು. ಅವರ ಬಿಡುಗಡೆಗಾಗಿ ಹಂಬಲಿಸಿದವರೇ ಆ ತಂದೆಯ ಅರ್ಜಿಯ ನ್ಯಾಯವನ್ನೂ ಎದೆಯಲ್ಲಿ ಇಟ್ಟುಕೊಳ್ಳಬೇಕಾಗಿ ಬಂದ ಇಕ್ಕಟ್ಟು ಯಾವ ಚಿತ್ರಕತೆಗಾರನಿಗೂ ಸುಲಭಕ್ಕೆ ಹೊಳೆಯುವಂಥದ್ದಲ್ಲ.

ಅಪಹರಣದ ಮೊಕದ್ದಮೆ ಮಾತ್ರ ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯದಲ್ಲಿ ನಡೆಯುತ್ತಲೇ ಇತ್ತು. 2004ರ ಅಕ್ಟೋಬರ್ 18ರಂದು ವೀರಪ್ಪನ್, ಸೇತುಕುಳಿ ಗೋವಿಂದನ್ ಮೊದಲಾದವರು ಧರ್ಮಪುರಿ ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಸತ್ತರು. ಎಲ್ಲರಿಗಿಂತ ಮುಖ್ಯ ಸಾಕ್ಷಿಯಾಗಬಹುದಾಗಿದ್ದ ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡರು, ಅವರ ಪತ್ನಿ ಪಾರ್ವತಮ್ಮನವರು 2017ರಲ್ಲಿ. 2018ರ ಸೆಪ್ಟೆಂಬರ್ 25ರಂದು ನ್ಯಾಯಾಲಯ ಉಳಿದಿದ್ದ ಒಂಬತ್ತು ಆರೋಪಿಗಳನ್ನೂ ಖುಲಾಸೆ ಮಾಡಿತು. ಆರೋಪ ಸಾಬೀತಾಗಿರಲಿಲ್ಲ. ಘಟನೆ ನಡೆದು ಹದಿನೆಂಟು ವರ್ಷ. ಅಪಹರಣ ಎಲ್ಲರ ನೆನಪಿನಲ್ಲಿದೆ. ತೀರ್ಪು ಬಂದ ದಿನ ಎಷ್ಟು ಜನರಿಗೆ ನೆನಪಿದೆ? ಸಿನಿಮಾ ನಮ್ಮ ನೆನಪನ್ನು ತಿದ್ದಿರುವುದು ಹೀಗೆ. ಬಂದೂಕು ಇರುವ ಭಾಗ ಉಳಿದು, ಕಡತ ಇರುವ ಭಾಗ ಜಾರಿಹೋಗುತ್ತದೆ. ಕೋರ್ಟ್ ಕಥನಗಳನ್ನು ಹುಡುಕಿ ನೋಡಿ ಎಂದು ನಾನು ಒತ್ತಾಯಿಸುವುದಕ್ಕೆ ಇದೇ ಕಾರಣ.

ಯಾವುದನ್ನು ನೋಡಬೇಕು? ಕಣ್ಣು ಮಿಟುಕಿಸದೆ ನೋಡಿಸಿಕೊಳ್ಳುವುದು ಕೆ.ವಿ. ರಾಜು ಅವರ 'ಯುದ್ಧಕಾಂಡ' (1989). ಹಿಂದಿಯ 'ಮೇರಿ ಜಂಗ್' ಚಿತ್ರದ ಕನ್ನಡ ರೂಪ, ರವಿಚಂದ್ರನ್ ವಕೀಲ. ಇದೇ ಕತೆ ತಮಿಳಿನಲ್ಲಿ ಟಿ. ರಾಜೇಂದರ್ ಅವರ 'ಒರು ತಾಯಿನ್ ಸಬದಂ' ಆಗಿ ಬಂತು, ಆದ್ದರಿಂದ ನಮ್ಮ ಕಡೆಯವರು ಎರಡನ್ನೂ ಹೋಲಿಸಿ ಜಗಳಾಡಬಹುದು. 'ಯುದ್ಧಕಾಂಡ'ದಲ್ಲಿ ವಕೀಲ ಮೊಕದ್ದಮೆಗೆ ಆಧಾರವಾದ ಔಷಧಿಯನ್ನು ತುಂಬಿದ ಕೋರ್ಟಿನಲ್ಲಿ ಗಟಗಟ ಕುಡಿದುಬಿಡುವ ದೃಶ್ಯವಿದೆ. ಆ ಉಸಿರುಗಟ್ಟುವ ಕ್ಷಣಕ್ಕೆ ನಾನು ಇವತ್ತಿಗೂ ಮನಸೋಲುತ್ತೇನೆ. ನಿಜದಲ್ಲಿ ಹೀಗಾಗುವ ಹಾಗಿಲ್ಲ ಎಂಬುದೂ ಅಷ್ಟೇ ಖಚಿತ. ಘಟನೆಯ ಜಾಗದಲ್ಲಿ ಸಿಕ್ಕ ಬಾಟಲಿಯನ್ನು ಪಂಚರ ಎದುರು ಮಹಜರು ಮಾಡಿ ವಶಪಡಿಸಿಕೊಳ್ಳುತ್ತಾರೆ, ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕುತ್ತಾರೆ, ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿಂದ ವರದಿ ಬರುತ್ತದೆ. ಕೋರ್ಟಿನಲ್ಲಿ ಆ ಬಾಟಲಿಗೆ ಒಂದು ನಂಬರು ಬೀಳುತ್ತದೆ. ಆಮೇಲೆ ನ್ಯಾಯಾಧೀಶರ ಅನುಮತಿಯಿಲ್ಲದೆ ಅದನ್ನು ಯಾರೂ ಮುಟ್ಟುವಂತಿಲ್ಲ, ಕುಡಿಯುವ ಮಾತಂತೂ ದೂರ. ಒಳ್ಳೆಯ ವಕೀಲ ಕೇಳುವ ಪ್ರಶ್ನೆ ಬೇರೆ: ಠಾಣೆಯಿಂದ ಪ್ರಯೋಗಾಲಯಕ್ಕೆ ಹೋಗುವ ನಡುವೆ ಈ ಬಾಟಲಿ ಎಷ್ಟು ದಿನ, ಯಾರ ಸುಪರ್ದಿಯಲ್ಲಿತ್ತು? ಮೊಹರು ಒಡೆದಿತ್ತೇ? ಆ ಒಂದು ಪ್ರಶ್ನೆಯಿಂದ ಮೊಕದ್ದಮೆಗಳು ಬಿದ್ದಿವೆ, ನಿಂತಿವೆ. ಅದನ್ನು ರೋಚಕವಾಗಿ ತೋರಿಸಲು ಗಟ್ಟಿ ಬರಹಗಾರ ಬೇಕು.

ಎಸ್.ಎ. ಚಂದ್ರಶೇಖರ್ ತಮಿಳಿನಲ್ಲಿ ವಿಜಯಕಾಂತ್ ಜೊತೆ ಮಾಡಿದ 'ಸಟ್ಟಂ ಒರು ಇರುಟ್ಟರೈ' (1981) ಮರುವರ್ಷ ಕನ್ನಡದಲ್ಲಿ ಶಂಕರ್‌ನಾಗ್ ಜೊತೆ 'ನ್ಯಾಯ ಎಲ್ಲಿದೆ' ಆಯಿತು, ಅದರ ಮರುವರ್ಷ ಹಿಂದಿಯಲ್ಲಿ 'ಅಂಧಾ ಕಾನೂನ್'. ಕಾನೂನಿನ ಕಿಂಡಿಗಳಲ್ಲೇ ನುಸುಳಿ ಸೇಡು ತೀರಿಸಿಕೊಳ್ಳುವ ನಾಯಕ. ಹುಡುಗರಿಗೆ ಇದು ಇಷ್ಟವಾಗುತ್ತದೆ, ನೋಡಲಿ. ನನಗೆ ಮಾತ್ರ ಕೆ. ವಿಜಯನ್ ಅವರ 'ವಿಧಿ' (1984) ಹೆಚ್ಚು ಹತ್ತಿರ. ಮೋಸಹೋದ ಹೆಣ್ಣುಮಗಳೊಬ್ಬಳು ಕೋರ್ಟು ಹತ್ತುವ ಕತೆ, ಸುಜಾತಾ ವಕೀಲೆ. ಅದರ ಸಂಭಾಷಣೆಯ ಕ್ಯಾಸೆಟ್ಟು ತಮಿಳುನಾಡಿನ ಟೀ ಅಂಗಡಿ, ಮದುವೆ ಚಪ್ಪರಗಳಲ್ಲಿ ಹಾಡಿನ ಹಾಗೆ ಮೊಳಗಿತು. ಹೊಡೆದಾಟವಿಲ್ಲದೆ, ಬರೀ ಪ್ರಶ್ನೆ ಉತ್ತರದ ಬಲದಿಂದ ಜನರನ್ನು ಹಿಡಿದಿಡಬಹುದು ಎಂದು ಅದು ತೋರಿಸಿತು.

ಟೀವಿಯ ಮಾತಿಗೆ ಬಂದರೆ ಕನ್ನಡದವರು ಪುಣ್ಯವಂತರು, ನಮಗೆ ಟಿ.ಎನ್. ಸೀತಾರಾಮ್ ಇದ್ದಾರೆ. 1998ರಲ್ಲಿ ದೂರದರ್ಶನದ 'ಮಾಯಾಮೃಗ', ಆಮೇಲೆ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ', 2018ರ 'ಮಗಳು ಜಾನಕಿ'. ಸ್ವತಃ ವಕೀಲಿಕೆ ಮಾಡಿ ಬಂದವರು ಅವರು, ಸಿ.ಎಸ್.ಪಿ. ಎಂಬ ವಕೀಲನ ಪಾತ್ರದಲ್ಲಿ ಅವರು ಎದ್ದು ನಿಂತರೆ ಅಡುಗೆಮನೆಯಲ್ಲಿದ್ದವರೂ ಹಜಾರಕ್ಕೆ ಬರುತ್ತಿದ್ದರು. ಆ ದೃಶ್ಯಗಳ ಕಸುಬುಗಾರಿಕೆ ಎಲ್ಲಿದೆ ಎಂದರೆ ಪಾಟೀಸವಾಲಿನಲ್ಲಿ. ಮುಖ್ಯ ವಿಚಾರಣೆಯಲ್ಲಿ ವಕೀಲ ತನ್ನ ಸಾಕ್ಷಿಯ ಬಾಯಿಗೆ ಉತ್ತರ ತುರುಕುವ ಪ್ರಶ್ನೆ ಕೇಳುವಂತಿಲ್ಲ. ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲ ಕೇಳಬಹುದು. "ಆ ದಿನ ಕರೆಂಟ್ ಇರಲಿಲ್ಲ, ಅಲ್ಲವೇ?" "ನೀವು ನಿಂತ ಜಾಗಕ್ಕೂ ಬಾವಿಗೂ ನಡುವೆ ಹುಣಸೆ ಮರ ಇದೆ, ಹೌದೇ?" ಹೀಗೆ ಹೌದು ಎನ್ನಿಸಿಕೊಳ್ಳುತ್ತಾ ಹೋಗುವುದು, ಸಾಕ್ಷಿಗೆ ಓಡಲು ಇರುವ ದಾರಿಗಳನ್ನು ಒಂದೊಂದೇ ಮುಚ್ಚುವುದು, ಕೊನೆಯ ಪ್ರಶ್ನೆಯನ್ನು ಕೇಳದೆಯೂ ಬಿಟ್ಟುಬಿಡುವುದು. ಸೀತಾರಾಮ್ ಈ ತಾಳ್ಮೆಯನ್ನು ಸಂಜೆಯ ಧಾರಾವಾಹಿಗೆ ತಂದರು. ಕನ್ನಡಕ ತೆಗೆದು, ಕಾಗದ ತಿರುವಿ, ಸ್ವರ ಏರಿಸದೆ ಕೇಳುವ ಪ್ರಶ್ನೆಗೆ ಹತ್ತು ಹೊಡೆದಾಟದ ಬಿರುಸಿದೆ.

ಹೊರಗಿನ ಟೀವಿಯಲ್ಲಿ ಈ ಬಗೆಯ ಕತೆಗೆ ಅಡಿಪಾಯ ಹಾಕಿದ್ದು ಅಮೆರಿಕದ 'ಪೆರಿ ಮೇಸನ್' (1957ರಿಂದ 1966). ಮೂಲ ಕಾದಂಬರಿಗಳನ್ನು ಬರೆದ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ ಕೂಡ ವಕೀಲರೇ. ನಿಜವಾದ ಕೊಲೆಗಾರ ಕೋರ್ಟಿನಲ್ಲೇ ಕುಸಿದು ತಪ್ಪೊಪ್ಪಿಕೊಳ್ಳುವ ಕೊನೆ ನಮ್ಮ ಸಿನಿಮಾಗಳಿಗೂ ಹರಿದು ಬಂತು. ಅಲ್ಲಿಂದ ಇಲ್ಲಿಗೆ ಬಂದ ಇನ್ನೂ ಒಂದೆರಡು ಅಲಂಕಾರಗಳಿವೆ. ಭಾರತದ ನ್ಯಾಯಾಧೀಶರು ಮೇಜಿನ ಮೇಲೆ ಮರದ ಸುತ್ತಿಗೆ ಕುಟ್ಟುವುದಿಲ್ಲ. ಸಾಕ್ಷಿ ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕೆಂದು 1969ರ ಪ್ರಮಾಣ ಅಧಿನಿಯಮ ಹೇಳುವುದಿಲ್ಲ. ಸಾಮಾನ್ಯ ಜನರ ಜ್ಯೂರಿ ಕೂತು ತೀರ್ಮಾನಿಸುವ ಪದ್ಧತಿಯೂ ಇಲ್ಲಿ ನಿಂತು ಬಹುಕಾಲವಾಯಿತು; 1954ರಲ್ಲಿ ಟೀವಿ ನಾಟಕವಾಗಿ, 1957ರಲ್ಲಿ ಸಿನಿಮಾವಾಗಿ ಬಂದ '12 ಆ್ಯಂಗ್ರಿ ಮೆನ್' ನೋಡುವಾಗ ಇದು ನೆನಪಿರಲಿ. ಆ ಚಿತ್ರವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಒಂದೇ ಕೋಣೆ, ಸೆಕೆ, ಒಬ್ಬನೇ ಒಬ್ಬ "ನನಗೆ ಅನುಮಾನವಿದೆ" ಎನ್ನುವವನು. ನಮ್ಮ ಕೋರ್ಟುಗಳ ದಿನನಿತ್ಯದ ಬೇಸರ, ಮುಂದೂಡಿಕೆ, ಇಂಗ್ಲಿಷಿನ ಗೊಣಗು ಹಾಗೆಯೇ ನೋಡಬೇಕೆಂದರೆ ಚೈತನ್ಯ ತಮ್ಹಾಣೆ ಅವರ ಮರಾಠಿ ಚಿತ್ರ 'ಕೋರ್ಟ್' (2014) ಇದೆ.

ನಮ್ಮ ಬೆಟ್ಟದ ಜನರಿಗೆ ನಾನು ಮೊದಲು ಹೇಳುವುದು ಎರಡು ಚಿತ್ರ. ತ.ಸೆ. ಜ್ಞಾನವೇಲ್ ಅವರ 'ಜೈ ಭೀಮ್' (2021), ಕನ್ನಡದ ಧ್ವನಿಯಲ್ಲೂ ಸಿಗುತ್ತದೆ. ಠಾಣೆಯಿಂದ ಕಾಣೆಯಾದ ಗಂಡನಿಗಾಗಿ ಹೆಂಡತಿಯೊಬ್ಬಳು ಮದ್ರಾಸ್ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುತ್ತಾಳೆ: ಆ ಮನುಷ್ಯನನ್ನು ತಂದು ನಮ್ಮೆದುರು ನಿಲ್ಲಿಸಿ ಎಂದು ಪೊಲೀಸರಿಗೆ ಕೋರ್ಟು ಹೇಳುವ ಆದೇಶ ಅದು. 1993ರಲ್ಲಿ ಕಡಲೂರು ಜಿಲ್ಲೆಯಲ್ಲಿ ನಡೆದ ಘಟನೆ, ವಾದಿಸಿದ ವಕೀಲರು ಮುಂದೆ ನ್ಯಾಯಮೂರ್ತಿಯಾದ ಕೆ. ಚಂದ್ರು. ನಿಜದ ಕುಟುಂಬ ಕುರವ ಸಮುದಾಯದ್ದು, ಚಿತ್ರ ಇರುಳರದ್ದೆಂದು ತೋರಿಸಿತು. ಸತ್ಯಮಂಗಲದ ಕಾಡಂಚಿನಲ್ಲೂ ಇರುಳರಿದ್ದಾರೆ, ಸೋಲಿಗರಿದ್ದಾರೆ. ಅವರ ಜೊತೆ ಕೂತು ನೋಡಿದರೆ ಆ ಚಿತ್ರ ಇನ್ನೂ ಆಳಕ್ಕಿಳಿಯುತ್ತದೆ. ಎರಡನೆಯದು ಮಂಸೋರೆ ಅವರ '19.20.21' (2023). ಕುದುರೆಮುಖ ಕಾಡಿನ ಕುತ್ಲೂರಿನ ಮಲೆಕುಡಿಯ ವಿದ್ಯಾರ್ಥಿಯೊಬ್ಬನನ್ನು 2012ರಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ತಂದೆಯ ಜೊತೆ ಬಂಧಿಸಿದ ಪ್ರಕರಣದಿಂದ ಪ್ರೇರಿತವಾದದ್ದು. ಸಾಕ್ಷ್ಯವೆಂದು ತಂದಿಟ್ಟದ್ದರಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಇತ್ತು. 2021ರಲ್ಲಿ ಮಂಗಳೂರಿನ ನ್ಯಾಯಾಲಯ ಖುಲಾಸೆ ಮಾಡಿತು. ಸಂವಿಧಾನದ ಆ ಮೂರು ವಿಧಿಗಳನ್ನೇ ಹೆಸರಾಗಿಟ್ಟುಕೊಂಡ ಈ ಚಿತ್ರಕ್ಕೆ ಸಿಗಬೇಕಾದಷ್ಟು ಪ್ರೇಕ್ಷಕರು ಸಿಗಲಿಲ್ಲ ಎಂಬ ಕೊರಗು ನನಗಿದೆ.

ವಾಚಾತಿಯ ಪ್ರಕರಣವನ್ನೂ ಇಲ್ಲಿ ನೆನೆಯಬೇಕು. 1992ರ ಜೂನ್‌ನಲ್ಲಿ ಗಂಧದ ಮರದ ಶೋಧದ ಹೆಸರಿನಲ್ಲಿ ಧರ್ಮಪುರಿ ಜಿಲ್ಲೆಯ ಆ ಹಳ್ಳಿಯ ಮೇಲೆ ಅರಣ್ಯ, ಪೊಲೀಸ್, ಕಂದಾಯ ನೌಕರರು ಎರಗಿದರು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ ಬದುಕಿದ್ದ 215 ಆರೋಪಿಗಳಿಗೆ ಶಿಕ್ಷೆ ವಿಧಿಸಿತು. ಮೇಲ್ಮನವಿ ಕೇಳಿದ ಹೈಕೋರ್ಟ್ ನ್ಯಾಯಮೂರ್ತಿ ಪಿ. ವೇಲ್ಮುರುಗನ್ 2023ರಲ್ಲಿ ಆ ಹಳ್ಳಿಗೆ ಹೋಗಿ ಬಂದರು, ಅದೇ ವರ್ಷ ಶಿಕ್ಷೆಯನ್ನು ಎತ್ತಿಹಿಡಿದರು. 'ಗಂಧದ ಗುಡಿ'ಯ ಕುಮಾರ್‌ನನ್ನು ಮೆಚ್ಚಿದವರು ಈ ಮುಖವನ್ನೂ ಓದಿ ತಿಳಿಯಬೇಕು.

ಇಷ್ಟೆಲ್ಲ ನೋಡಿದ ಮೇಲೂ ಒಂದು ದೃಶ್ಯ ನನಗೆ ಯಾವ ಚಿತ್ರದಲ್ಲೂ, ಧಾರಾವಾಹಿಯಲ್ಲೂ ಸಿಕ್ಕಿಲ್ಲ. ತಾಳವಾಡಿಯ ಒಬ್ಬ ರೈತ ಬೆಳಗಿನ ಬಸ್ಸು ಹಿಡಿದು ಘಾಟಿ ಇಳಿದು ಕೋರ್ಟಿಗೆ ಬರುತ್ತಾನೆ. ಹೆಸರು ಕೂಗುತ್ತಾರೆ, ಕಟಕಟೆ ಹತ್ತುತ್ತಾನೆ. ಕೋರ್ಟಿನ ಭಾಷೆ ತಮಿಳು. ಅವನಿಗೆ ತಮಿಳು ಬಾರದೆ ಏನಿಲ್ಲ, ಸಂತೆಯಲ್ಲಿ ಆಡುತ್ತಾನೆ. ಆದರೆ ರಾತ್ರಿ ಕಂಡದ್ದನ್ನು ಕಂಡ ಹಾಗೆ ಹೇಳಬೇಕಾದಾಗ, ಹೆದರಿಕೆ ಆದದ್ದನ್ನು ಹೇಳಬೇಕಾದಾಗ, ಬಾಯಿಗೆ ಬರುವುದು ಚಾಮರಾಜನಗರದ ಕಡೆಯ ಕನ್ನಡ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 277ನೇ ಕಲಮಿನಲ್ಲಿ ಇದಕ್ಕೆ ದಾರಿಯಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ: ಸಾಕ್ಷಿ ಬೇರೆ ಭಾಷೆಯಲ್ಲಿ ಹೇಳಿದರೆ ಸಾಧ್ಯವಾದರೆ ಆ ಭಾಷೆಯಲ್ಲೇ ಬರೆದುಕೊಳ್ಳಬಹುದು, ಆಗದಿದ್ದರೆ ಕೋರ್ಟಿನ ಭಾಷೆಗೆ ಅನುವಾದ ಮಾಡಿ ಕಡತಕ್ಕೆ ಸೇರಿಸಬೇಕು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಈ ಹಕ್ಕು ಇದೆ ಎಂದು ಗೊತ್ತಿದ್ದರೆ ತಾನೇ ಕೇಳುವುದು? ಮೊಕದ್ದಮೆಯ ಸತ್ಯ ಎಷ್ಟೋ ಸಲ ಒಂದು ಕ್ರಿಯಾಪದದ ಮೇಲೆ ನಿಂತಿರುತ್ತದೆ. ಅವನು "ನೋಡಿದೆ" ಅಂದನೋ "ಕೇಳಿದೆ" ಅಂದನೋ ಎಂಬುದರಲ್ಲಿ ಒಬ್ಬನ ಬಿಡುಗಡೆಯೋ ಜೈಲೋ ಇರುತ್ತದೆ.

ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಗಾಜನೂರು ಮೊಕದ್ದಮೆಯ ಮೇಲೆ ಯಾರಾದರೂ ಸರಣಿ ಮಾಡಲು ಹೊರಟರೆ, ಅಪಹರಣದ ರಾತ್ರಿಯನ್ನು ಮೊದಲ ಕಂತಿನ ಹತ್ತು ನಿಮಿಷಕ್ಕೆ ಮುಗಿಸಲಿ. ಉಳಿದದ್ದೆಲ್ಲ ಅಬ್ದುಲ್ ಕರೀಂ ಅವರ ಅರ್ಜಿ, ಮೈಸೂರು ಜೈಲಿನಲ್ಲಿ ತೀರ್ಪಿಗೆ ಕಾದವರು, ಗೋಬಿಯ ಕೋರ್ಟಿನ ಹದಿನೆಂಟು ವರ್ಷ, ಒಬ್ಬೊಬ್ಬರಾಗಿ ಇಲ್ಲವಾದ ಸಾಕ್ಷಿಗಳು. ಬರೆಯಲು ಕೂರುವವರು ಮೊದಲು ಗೋಬಿಚೆಟ್ಟಿಪಾಳ್ಯಕ್ಕೆ ಹೋಗಿ 2018ರ ಆ ತೀರ್ಪಿನ ನಕಲಿಗೆ ಅರ್ಜಿ ಹಾಕಲಿ.